ಮುಚ್ಚಿದ ಜಾಗದ ಭಯ: ಗುರುತಿಸಿ, ಬರೆದಿಡಿ, ಗೆಲ್ಲಿ

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೆ ಹಾಗೂ ಅವರ ಜೊತೆಗೆ ಬಂದ ಬಂಧುಗಳಿಗೆ ಮನೋವೈದ್ಯರು ನೀಡಿದ ಉಪನ್ಯಾಸದ ಬರಹರೂಪ)





ಇಲ್ಲಿ ಕುಳಿತವರಲ್ಲಿ ಕೆಲವರು ಇಂದು ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ಬಂದಿರಬಹುದು. ಕೇಳಿದರೆ "ವ್ಯಾಯಾಮ ಆಗಲಿ ಅಂತ" ಎನ್ನುತ್ತೀರಿ. ಇನ್ನು ಕೆಲವರ ಕೈಯಲ್ಲಿ ಸ್ಕ್ಯಾನಿಂಗ್ ಚೀಟಿ ತಿಂಗಳಿನಿಂದ ಹಾಗೇ ಇರಬಹುದು. "ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ" ಎಂದು ದಿನ ಮುಂದೆ ಹಾಕುತ್ತಿರಬಹುದು. ನಿಜವಾದ ಕಾರಣ ಬೇರೆ ಇರುತ್ತದೆ. ಅದು ಭಯ. ಹೇಳಿಕೊಳ್ಳಲು ನಾಚಿಕೆಯಾಗುವ ಭಯ. ಇಂದು ಅದರ ಬಗ್ಗೆಯೇ ಮಾತನಾಡೋಣ.

ಒಂದು ಉದಾಹರಣೆ

ಒಬ್ಬ ತಾಯಿ ಇದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತೈದು. ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವವರು. ಬೆನ್ನಿನಲ್ಲಿ ನರ ಒತ್ತಿ, ಬಲಗಾಲು ಜೋಮು ಹಿಡಿಯುತ್ತಿದೆ. ಮೂಳೆ ಡಾಕ್ಟರು ಎಂ.ಆರ್.ಐ. ಸ್ಕ್ಯಾನ್ ಬರೆದುಕೊಟ್ಟರು. ಮಗ ಸಾಲ ಮಾಡಿ ಹಣ ಕಟ್ಟಿದ. ಮೇಜಿನ ಮೇಲೆ ಮಲಗಿಸಿದರು, ಮೇಜು ಸುರಂಗದಂಥ ಯಂತ್ರದೊಳಗೆ ಸರಿಯಿತು. ಅಷ್ಟೇ! ಎದೆ ಡವಡವ ಎಂದಿತು, ಉಸಿರು ಕಟ್ಟಿದಂತಾಯಿತು, "ತೆಗೀರಿ, ಸಾಯ್ತೀನಿ" ಎಂದು ಕೂಗಿದರು. ಸ್ಕ್ಯಾನ್ ಆಗಲಿಲ್ಲ. ಮಗನಿಗೆ ಸಿಟ್ಟು, ತಾಯಿಗೆ ಅವಮಾನ. ಮನೆಗೆ ಹೋದವರು ಮತ್ತೆ ಬರಲಿಲ್ಲ. ಕಾಲಿನ ಬಲ ಮಾತ್ರ ದಿನೇ ದಿನೇ ಕಡಿಮೆಯಾಗುತ್ತಿದೆ.

ಇಲ್ಲಿ ಅವರ ಕಾಲಿಗೆ ಕುತ್ತು ತಂದಿರುವುದು ಬೆನ್ನಿನ ಕಾಯಿಲೆಯೊಂದೇ ಅಲ್ಲ, ಚಿಕಿತ್ಸೆ ಸಿಗದ ಭಯವೂ ಹೌದು. ಇದು ಹುಚ್ಚಲ್ಲ, ನಾಟಕವಲ್ಲ, ಹೇಡಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದಕ್ಕೆ ಭೀತಿರೋಗ ಅಥವಾ ಫೋಬಿಯಾ ಎಂದು ಹೆಸರು. ಗುಣವಾಗುವ ಕಾಯಿಲೆಗಳಲ್ಲಿ ಇದೂ ಒಂದು.

ಭೀತಿರೋಗ ಎಂದರೇನು?

ಭಯ ಎಲ್ಲರಿಗೂ ಬೇಕು. ಹಾವು ಕಂಡರೆ ಹಿಂದೆ ಸರಿಯುವುದು, ಲಾರಿ ಬಂದರೆ ಪಕ್ಕಕ್ಕೆ ನಿಲ್ಲುವುದು ಭಯದ ಉಪಕಾರ. ಆದರೆ ಅಪಾಯವಿಲ್ಲದ ಕಡೆ, ಅಥವಾ ಇರುವ ಸಣ್ಣ ಅಪಾಯಕ್ಕೆ ಮಿತಿಮೀರಿ ಭಯ ಬಂದು, ಅದರಿಂದ ಬದುಕಿನ ಕೆಲಸವೇ ನಿಂತಾಗ ಅದು ರೋಗ.

ನಿರ್ದಿಷ್ಟ ವಿಷಯಕ್ಕೆ ಬರುವ ಭೀತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 1994ರ ತನ್ನ ಕೈಪಿಡಿಯಲ್ಲಿ ಬಗೆಬಗೆಯಾಗಿ ವಿಂಗಡಿಸಿತು. ನಾಯಿ, ಹಲ್ಲಿ ಮುಂತಾದ ಪ್ರಾಣಿಗಳ ಭಯ ಒಂದು. ಎತ್ತರ, ನೀರು, ಸಿಡಿಲಿನ ಭಯ ಇನ್ನೊಂದು. ರಕ್ತ, ಗಾಯ, ಸೂಜಿಯ ಭಯ ಮತ್ತೊಂದು. ಲಿಫ್ಟ್, ಬಸ್ಸು, ವಿಮಾನ, ಸೇತುವೆ, ಸುರಂಗ, ಮುಚ್ಚಿದ ಕೋಣೆ ಇವುಗಳ ಭಯ ಸನ್ನಿವೇಶದ ಭೀತಿ. ಇವುಗಳಲ್ಲಿ ಸೇರದವು ಉಳಿದ ಗುಂಪು. ಪ್ರಾಣಿಗಳ ಭಯ ಬಹುಮಟ್ಟಿಗೆ ಬಾಲ್ಯದಲ್ಲೇ ಶುರುವಾಗುತ್ತದೆ. ಸನ್ನಿವೇಶದ ಭೀತಿ ಇಪ್ಪತ್ತರ ಹರೆಯ ದಾಟಿದ ಮೇಲೂ ಶುರುವಾಗಬಹುದು. ಆದ್ದರಿಂದ "ಇಷ್ಟು ದಿನ ಇಲ್ಲದ್ದು ಈಗೇಕೆ ಬಂತು, ಯಾರೋ ಏನೋ ಮಾಡಿಸಿದ್ದಾರೆ" ಎಂದು ಅನುಮಾನ ಪಡಬೇಕಾಗಿಲ್ಲ.

22 ದೇಶಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು 7 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಯಾವುದೋ ಒಂದು ಬಗೆಯ ನಿರ್ದಿಷ್ಟ ಭೀತಿರೋಗ ಕಾಡುತ್ತದೆ. ಹೀಗಿರುವಾಗ ನೀವು ಒಂಟಿಯಲ್ಲ.

ದೇಹದಲ್ಲಿ ಏನಾಗುತ್ತದೆ?

ನಮ್ಮ ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗವಿದೆ. ಅದು ಮನೆಯ ಕಾವಲು ನಾಯಿಯಿದ್ದಂತೆ. ಕಳ್ಳ ಬಂದರೂ ಬೊಗಳುತ್ತದೆ, ಕೆಲವೊಮ್ಮೆ ಬೀಗರು ಬಂದರೂ ಬೊಗಳುತ್ತದೆ. ಅದು ಎಚ್ಚರಿಸಿದ ಕೂಡಲೇ ಅಡ್ರಿನಲಿನ್ ರಸ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ಕೈಕಾಲು ನಡುಗುತ್ತವೆ. ಉಸಿರು ಜೋರಾಗಿ ಎಳೆದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗಿದಂತೆ, ಬೆರಳು ಜುಮುಗುಟ್ಟಿದಂತೆ, ಗಾಳಿಯೇ ಸಾಲದಂತೆ ಅನಿಸುತ್ತದೆ. ಗಾಳಿ ಕಡಿಮೆಯಾಗಿರುವುದಿಲ್ಲ, ಉಸಿರಾಟ ಹೆಚ್ಚಾಗಿರುತ್ತದೆ!

"ಪ್ರಜ್ಞೆ ತಪ್ಪಿ ಬಿದ್ದರೆ?" ಎಂದು ಹಲವರು ಕೇಳುತ್ತಾರೆ. ಲಿಫ್ಟ್, ಸ್ಕ್ಯಾನಿಂಗ್‌ನಂಥ ಭಯದಲ್ಲಿ ರಕ್ತದೊತ್ತಡ ಏರುತ್ತದೆ. ಪ್ರಜ್ಞೆ ತಪ್ಪುವುದು ಒತ್ತಡ ಇಳಿದಾಗ. ಹಾಗಾಗಿ ಈ ಭಯದಲ್ಲಿ ಪ್ರಜ್ಞೆ ತಪ್ಪುವುದು ಅಪರೂಪ. ರಕ್ತ, ಸೂಜಿಯ ಭಯದ್ದು ಬೇರೆ ಕತೆ. ಅಲ್ಲಿ ಒತ್ತಡ ಮೊದಲು ಏರಿ, ಆಮೇಲೆ ಥಟ್ಟನೆ ಇಳಿದು ಕೆಲವರು ಬೀಳುವುದುಂಟು. ಅಂಥವರು ರಕ್ತ ಕೊಡುವ ಮುನ್ನ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡು ಬಿಗಿಹಿಡಿದು, ಅರ್ಧ ನಿಮಿಷ ಸಡಿಲಬಿಟ್ಟು, ಹೀಗೆ ಐದು ಸಲ ಮಾಡುವುದು ಒಳ್ಳೆಯದು. ನರ್ಸ್ ಅವರಿಗೆ ಮೊದಲೇ ತಿಳಿಸಿ, ಮಲಗಿಕೊಂಡೇ ರಕ್ತ ಕೊಡಬಹುದು.

ವೈದ್ಯರು ಹೇಗೆ ಗುರುತಿಸುತ್ತಾರೆ?

ಭೀತಿರೋಗವನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಇಲ್ಲ. ನಿಮ್ಮ ಮಾತೇ ಪರೀಕ್ಷೆ. ಈ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿ.

1. ಯಾವ ಜಾಗ ಅಥವಾ ಸನ್ನಿವೇಶದಲ್ಲಿ ಭಯ ಬರುತ್ತದೆ? ಹೆಚ್ಚುಕಡಿಮೆ ಪ್ರತಿ ಸಲವೂ ಬರುತ್ತದೆಯೇ?
2. ಅಲ್ಲಿ ಏನಾಗಿಬಿಡುತ್ತದೆ ಎಂಬ ಅಂಜಿಕೆ? ಉಸಿರು ಕಟ್ಟುವುದೇ, ಸಿಕ್ಕಿಹಾಕಿಕೊಳ್ಳುವುದೇ, ಅಪಘಾತವೇ?
3. ಅದನ್ನು ತಪ್ಪಿಸಿಕೊಳ್ಳಲು ಏನೇನು ಮಾಡುತ್ತೀರಿ?
4. ಇದರಿಂದ ಕೆಲಸ, ಚಿಕಿತ್ಸೆ, ಮದುವೆ ಮುಂಜಿ, ಓಡಾಟ ಏನೇನು ನಿಂತಿದೆ?
5. ಎಷ್ಟು ದಿನದಿಂದ ಇದೆ? ಸಾಮಾನ್ಯವಾಗಿ 6 ತಿಂಗಳಾದರೂ ಇದ್ದರೆ ರೋಗ ಎಂದು ಪರಿಗಣಿಸುತ್ತೇವೆ.

ಆ ತಾಯಿಯನ್ನು ಹೀಗೆ ಕೇಳಿದರೆ ಹೊಸ ಸಂಗತಿಗಳು ಹೊರಬರುತ್ತವೆ. ಅವರು ಬಚ್ಚಲಮನೆಯ ಚಿಲಕ ಹಾಕುವುದಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು. ಮಳೆಗಾಲದಲ್ಲೂ ಕಿಟಕಿ ತೆರೆದೇ ಮಲಗುತ್ತಾರೆ. ಭಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಬೆಳಕಿಗೆ ಬಂತು ಅಷ್ಟೆ.

ಒಂದೇ ತರಹ ಕಾಣುವ ಬೇರೆ ತೊಂದರೆಗಳನ್ನೂ ವೈದ್ಯರು ಬೇರ್ಪಡಿಸಬೇಕು. ಬಸ್ಸು, ಸಂತೆ, ಜಾತ್ರೆ, ಒಂಟಿಯಾಗಿ ಹೊರಗೆ ಹೋಗುವುದು ಹೀಗೆ ಹಲವು ಕಡೆ "ತಪ್ಪಿಸಿಕೊಳ್ಳಲಾಗದು, ಸಹಾಯ ಸಿಗದು" ಎಂಬ ಭಯವಿದ್ದರೆ ಅದು ಅಗೋರಾಫೋಬಿಯಾ. ಯಾವ ಕಾರಣವೂ ಇಲ್ಲದೆ ಥಟ್ಟನೆ ಭಯದ ಹೊಡೆತ ಮತ್ತೆ ಮತ್ತೆ ಬಂದರೆ ಪ್ಯಾನಿಕ್ ತೊಂದರೆ. ಬಸ್ ಅಪಘಾತ ಕಂಡವರಿಗೆ ಅದೇ ದೃಶ್ಯ ಕನಸಿನಲ್ಲೂ ಮರುಕಳಿಸುತ್ತಿದ್ದರೆ ಅದು ಆಘಾತದ ನಂತರದ ತೊಂದರೆ. ಥೈರಾಯ್ಡ್ ಹೆಚ್ಚಳ, ರಕ್ತಹೀನತೆ, ಸಕ್ಕರೆ ಇಳಿಯುವುದು, ಉಬ್ಬಸ, ಹೃದಯ ಬಡಿತದ ಏರುಪೇರು ಇವುಗಳಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ದೇಹದ ಪರೀಕ್ಷೆ ಮೊದಲು. ಎದೆನೋವು ಬಂದರೆ "ಭಯವಿರಬೇಕು" ಎಂದು ಮನೆಯಲ್ಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ.

ಭಯ ಬೆಳೆಯುವುದು ಹೇಗೆ, ಕರಗುವುದು ಹೇಗೆ?

ಲಿಫ್ಟಿನ ಬಾಗಿಲ ತನಕ ಹೋಗಿ ಹಿಂದಿರುಗಿದಿರಿ. ಒಡನೆ ಸಮಾಧಾನವಾಯಿತು. ಮಿದುಳು ಏನು ಕಲಿಯಿತು? "ಹಿಂದಿರುಗಿದ್ದರಿಂದ ಬದುಕಿದೆ." ಮುಂದಿನ ಸಲ ಭಯ ಇನ್ನೂ ಗಟ್ಟಿ. ತಪ್ಪಿಸಿಕೊಳ್ಳುವುದು ಭಯಕ್ಕೆ ಹಾಕುವ ಗೊಬ್ಬರ.

ಬದಲಿಗೆ ಭಯದ ಜಾಗದಲ್ಲೇ ನಿಂತರೆ? ಭಯ ಏರುತ್ತದೆ, ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಬಹುಮಟ್ಟಿಗೆ ಆಮೇಲೆ ಇಳಿಯುತ್ತದೆ. ಪೂರ್ತಿ ಇಳಿಯದಿದ್ದರೂ, ಅಂಜಿದ ಅನಾಹುತ ಆಗಲಿಲ್ಲ ಎಂಬ ಹೊಸ ಪಾಠವನ್ನು ಮಿದುಳು ಕಲಿಯುತ್ತದೆ. ಇದೇ ಚಿಕಿತ್ಸೆಯ ತಿರುಳು. 1924ರಷ್ಟು ಹಿಂದೆಯೇ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮಹಿಳೆ, ಮೊಲಕ್ಕೆ ಹೆದರುತ್ತಿದ್ದ ಮಗುವಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು ಪ್ರಕಟಿಸಿದರು. 1958ರಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಹಂತಹಂತವಾಗಿ ಭಯ ಕರಗಿಸುವ ವಿಧಾನವನ್ನು ಪುಸ್ತಕವಾಗಿ ತಂದರು. 1989ರಲ್ಲಿ ಸ್ವೀಡನ್ನಿನ ಓಸ್ಟ್ ಅವರು, ಸರಿಯಾಗಿ ತಯಾರಿ ಮಾಡಿಕೊಂಡರೆ ಮೂರು ಗಂಟೆಯೊಳಗಿನ ಒಂದೇ ಬೈಠಕ್ಕಿನಲ್ಲೂ ಹಲವರಿಗೆ ಗುಣ ಕಾಣುತ್ತದೆ ಎಂದು ತೋರಿಸಿದರು. ಇಂದಿಗೂ ಭೀತಿರೋಗಕ್ಕೆ ಮೊದಲ ಚಿಕಿತ್ಸೆ ಇದೇ.

ಭಯದ ಏಣಿ

ಭಯವನ್ನು 0ರಿಂದ 10ರವರೆಗೆ ಅಳೆಯೋಣ. 0 ಎಂದರೆ ಪೂರ್ಣ ನೆಮ್ಮದಿ, 10 ಎಂದರೆ ತಡೆಯಲಾಗದ ಭಯ. ಅಂಕಿ ಬಾರದವರು ಹತ್ತು ಕಡಲೆಕಾಳು ಎದುರಿಗೆ ಇಟ್ಟುಕೊಂಡು, ಭಯ ಎಷ್ಟೋ ಅಷ್ಟು ಕಾಳು ಪಕ್ಕಕ್ಕೆ ಸರಿಸಿದರೆ ಸಾಕು. ಆ ತಾಯಿಯ ಏಣಿ ಹೀಗಿರಬಹುದು.

1. ಬಚ್ಚಲಮನೆಯ ಬಾಗಿಲು ಮುಂದೆ ಮಾಡಿಕೊಂಡು, ಚಿಲಕ ಹಾಕದೆ 5 ನಿಮಿಷ ಇರುವುದು (ಭಯ 3)
2. ಚಿಲಕ ಹಾಕಿಕೊಂಡು 10 ನಿಮಿಷ (ಭಯ 5)
3. ಮಂಚದ ಕೆಳಗೆ ಹಾಸಿಗೆ ಹಾಸಿ, ತಲೆ ಹೊರಗಿಟ್ಟು ಮಲಗುವುದು (ಭಯ 5)
4. ತಲೆಯೂ ಒಳಗಿರುವಂತೆ 20 ನಿಮಿಷ, ಜೊತೆಗೆ ಮೊಬೈಲಿನಲ್ಲಿ ಸ್ಕ್ಯಾನಿಂಗ್ ಯಂತ್ರದ ಶಬ್ದ (ಭಯ 6)
5. ಮಗಳ ಜೊತೆ ಲಿಫ್ಟಿನಲ್ಲಿ ಒಂದು ಮಹಡಿ (ಭಯ 7)
6. ಒಬ್ಬರೇ ಲಿಫ್ಟಿನಲ್ಲಿ ಹತ್ತಿ ಇಳಿಯುವುದು (ಭಯ 8)
7. ಸ್ಕ್ಯಾನಿಂಗ್ ಕೋಣೆ ನೋಡಿ ಬಂದು, ಇನ್ನೊಂದು ದಿನ ಬರಿದೇ ಮೇಜಿನ ಮೇಲೆ ಮಲಗುವುದು (ಭಯ 9)
8. ಸ್ಕ್ಯಾನ್ ಮಾಡಿಸುವುದು (ಭಯ 10)

ಮೂರು ನಿಯಮಗಳಿವೆ. ಒಂದು, ಭಯ ಶಿಖರದಲ್ಲಿರುವಾಗ ಹೊರಗೆ ಓಡಬಾರದು, ಅದು ಇಳಿಮುಖವಾಗುವ ತನಕ ಕಾಯಬೇಕು. ಎರಡು, ಒಂದೇ ಮೆಟ್ಟಿಲನ್ನು ಹಲವು ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಬೇಕು. ಮೂರು, ಊರುಗೋಲುಗಳನ್ನು ಮೆಲ್ಲನೆ ಬಿಡಬೇಕು. ಕಣ್ಣು ಮುಚ್ಚುವುದು, ನೀರಿನ ಬಾಟಲಿ ಹಿಡಿಯುವುದು, ಮಗಳ ಸೆರಗು ಬಿಡದಿರುವುದು ಇವೆಲ್ಲ ಊರುಗೋಲು. "ಬಾಟಲಿ ಇತ್ತು, ಅದಕ್ಕೇ ಉಳಿದೆ" ಎಂದು ಮಿದುಳು ತಪ್ಪು ಲೆಕ್ಕ ಹಾಕುತ್ತದೆ. ಆದರೆ ನಿಜವಾದ ಸ್ಕ್ಯಾನಿನ ದಿನ ಕಣ್ಣು ಮುಚ್ಚಿಕೊಳ್ಳಲು ಅಡ್ಡಿಯಿಲ್ಲ, ಅಂದು ಸ್ಕ್ಯಾನ್ ಮುಗಿಯುವುದು ಮುಖ್ಯ.

ಪೂಜೆ, ವಿಭೂತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಇಷ್ಟಲಿಂಗ ಪೂಜೆಯಿಂದ ಬರುವ ಶಾಂತಿ ದೊಡ್ಡದು. ಆದರೆ "ಈ ತಾಯಿತ ಕೈಯಲ್ಲಿ ಇಲ್ಲದಿದ್ದರೆ ಲಿಫ್ಟಿನಲ್ಲಿ ಸತ್ತೇ ಹೋಗುತ್ತೇನೆ" ಎಂಬುದು ಭಕ್ತಿಯಲ್ಲ, ಭಯದ ಇನ್ನೊಂದು ವೇಷ.

ಹೃದ್ರೋಗಿಗಳು, ಉಬ್ಬಸದವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಏಣಿ ಹತ್ತಬೇಕು. ಬೆನ್ನುನೋವಿನವರೂ ಮಂಚದ ಕೆಳಗೆ ಮಲಗುವ ಮುನ್ನ ಕೇಳಿಕೊಳ್ಳಿ.

ಬರೆದಿಡುವುದು ಏಕೆ ಮುಖ್ಯ?

ಈ ಮಾತನ್ನು ವಿಶೇಷವಾಗಿ ಗಮನಿಸಿ. ಭಯಕ್ಕೆ ಒಂದು ದುರ್ಗುಣವಿದೆ. ಅದು ತನ್ನ ಶಿಖರವನ್ನು ಮಾತ್ರ ನೆನಪಿಡುತ್ತದೆ, ತಾನು ಇಳಿದದ್ದನ್ನು ಮರೆಸಿಬಿಡುತ್ತದೆ. ಹತ್ತು ನಿಮಿಷ ಚಿಲಕ ಹಾಕಿಕೊಂಡು ಇದ್ದು ಬಂದವರೂ ಮರುದಿನ "ನಿನ್ನೆ ಬಹಳ ಹೆದರಿದೆ" ಎಂದಷ್ಟೇ ಹೇಳುತ್ತಾರೆ. ಕೊನೆಗೆ ಭಯ ಇಳಿದದ್ದು ನೆನಪಿರುವುದಿಲ್ಲ. ನೆನಪು ಬಿಟ್ಟದ್ದನ್ನು ಕಾಗದ ಇಟ್ಟುಕೊಳ್ಳುತ್ತದೆ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂತೆ ಭಯಕ್ಕೂ ಒಂದು ಪುಸ್ತಕವಿರಲಿ. ಶಾಲೆಯ ನೋಟ್‌ಬುಕ್ ಸಾಕು. ಪ್ರತಿ ಸಲ ಇಷ್ಟು ಬರೆಯಿರಿ.

ದಿನಾಂಕ ಮತ್ತು ಹೊತ್ತು; ಏನು ಮಾಡಿದೆ; ಏನಾಗುತ್ತದೆ ಎಂದು ಅಂಜಿದ್ದೆ; ಭಯ ಆರಂಭದಲ್ಲಿ ಎಷ್ಟು, ಅತಿ ಹೆಚ್ಚು ಎಷ್ಟು, ಕೊನೆಗೆ ಎಷ್ಟು; ನಿಜವಾಗಿ ಏನಾಯಿತು; ಊರುಗೋಲು ಇತ್ತೇ.

ಆ ತಾಯಿಯ ಪುಸ್ತಕದ ಎರಡು ದಿನಗಳನ್ನು ಕಲ್ಪಿಸಿಕೊಳ್ಳಿ.

ಮೊದಲ ದಿನ: ಚಿಲಕ ಹಾಕಿ 10 ನಿಮಿಷ. ಅಂಜಿದ್ದು: ಉಸಿರು ಕಟ್ಟಿ ಬೀಳುತ್ತೇನೆ. ಭಯ 5, 7, 4. ಆದದ್ದು: ಬೆವರು ಬಂತು, ಬೀಳಲಿಲ್ಲ. ಮಗಳು ಹೊರಗೆ ನಿಂತಿದ್ದಳು.

ಆರನೆಯ ದಿನ: ಚಿಲಕ ಹಾಕಿ 10 ನಿಮಿಷ. ಅಂಜಿದ್ದು: ಉಸಿರು ಕಟ್ಟಬಹುದು. ಭಯ 3, 4, 1. ಆದದ್ದು: ಬಟ್ಟೆ ಒಗೆದು ಮುಗಿಸಿದೆ. ಹೊರಗೆ ಯಾರೂ ಇರಲಿಲ್ಲ.

ಇದನ್ನು ಓದಿದ ಮೇಲೆ "ನನ್ನಿಂದ ಆಗುವುದಿಲ್ಲ" ಎನ್ನಲು ಅವರಿಗೇ ಬಾಯಿ ಬರುವುದಿಲ್ಲ. ಓದುಬರಹ ಬಾರದವರ ಪರವಾಗಿ ಮನೆಯ ಮಕ್ಕಳು ಬರೆಯಲಿ. ಆದರೆ ಅಂಕಿ ಹೇಳುವವರು ರೋಗಿಯೇ ಆಗಿರಲಿ. ಭಯ ಹೆಚ್ಚಿದ ದಿನವನ್ನೂ ಬಿಡದೆ ಬರೆಯಿರಿ. ಲೆಕ್ಕದಲ್ಲಿ ಮುಚ್ಚಿಟ್ಟರೆ ನಷ್ಟ ನಮಗೇ.

ವೈದ್ಯರ ಕಡತವೂ ಅಷ್ಟೇ ಮುಖ್ಯ. ಯಾವ ಸನ್ನಿವೇಶ, ಎಷ್ಟು ದಿನದಿಂದ, ಏನು ನಿಂತಿದೆ, ಬೇರೆ ಯಾವ ಕಾಯಿಲೆ ಅಲ್ಲವೆಂದು ಖಚಿತವಾಯಿತು, ಏಣಿಯ ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ ಎಂಬುದು ಅದರಲ್ಲಿರಬೇಕು. ಆಗ ಇನ್ನೊಬ್ಬ ವೈದ್ಯರು ಬಂದರೂ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ. ನಿಮ್ಮನ್ನು ಬೇರೆ ಕಡೆ ಕಳುಹಿಸುವಾಗ ಚೀಟಿಯಲ್ಲಿ "ಮುಚ್ಚಿದ ಜಾಗದ ಭೀತಿ ಇದೆ" ಎಂದು ಬರೆಸಿಕೊಳ್ಳಿ. ಸ್ಕ್ಯಾನಿಂಗ್‌ನವರು, ಅರಿವಳಿಕೆ ವೈದ್ಯರು ಮೊದಲೇ ಸಿದ್ಧರಾಗುತ್ತಾರೆ.

"ಕಡತದಲ್ಲಿ ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಗಳ ಮದುವೆಗೆ ತೊಡಕಾಗುತ್ತದೆ" ಎಂಬ ಅಳುಕು ಸಹಜ. 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ನಿಮ್ಮ ಮಾನಸಿಕ ಆರೋಗ್ಯದ ವಿವರ ಗೋಪ್ಯವಾಗಿರುವ ಹಕ್ಕನ್ನೂ, ನಿಮ್ಮ ದಾಖಲೆಯನ್ನು ನೀವೇ ನೋಡುವ ಹಕ್ಕನ್ನೂ ಕೊಟ್ಟಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಸ್ಕ್ಯಾನಿಂಗ್ ದಿನ ನೆನಪಿಡಬೇಕಾದದ್ದು

ಸ್ಕ್ಯಾನಿಂಗ್ ಯಂತ್ರ ಎರಡು ಕಡೆಯೂ ತೆರೆದಿರುತ್ತದೆ. ಒಳಗೆ ಗಾಳಿ, ಬೆಳಕು ಇರುತ್ತದೆ. ಕೈಗೆ ಒಂದು ರಬ್ಬರ್ ಬಲ್ಬ್ ಕೊಡುತ್ತಾರೆ, ಒತ್ತಿದರೆ ಸಿಬ್ಬಂದಿ ಗಮನ ಕೊಡುತ್ತಾರೆ. ಮೈಕಿನಲ್ಲಿ ಮಾತನಾಡಬಹುದು. ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಬಹಳಷ್ಟು ಸ್ಕ್ಯಾನುಗಳು 20ರಿಂದ 45 ನಿಮಿಷ ಹಿಡಿಯುತ್ತವೆ. ಟಕಟಕ ಶಬ್ದ ಯಂತ್ರದ ಸಹಜ ಸದ್ದು, ಕಿವಿಗೆ ಮುಚ್ಚಳ ಕೊಡುತ್ತಾರೆ. ಲೋಹದ ವಸ್ತು ಇಲ್ಲವೆಂದು ಪರೀಕ್ಷಿಸಿದ ಮೇಲೆ ಹಲವು ಕಡೆ ಬಂಧುವೊಬ್ಬರು ಕೋಣೆಯೊಳಗೇ ಇರಲು ಬಿಡುತ್ತಾರೆ. ಮೊಣಕಾಲಿನ ಸ್ಕ್ಯಾನಿಗೆ ಕಾಲು ಮುಂದಾಗಿ ಒಳಗೆ ಹೋಗುವುದರಿಂದ ತಲೆ ಹೊರಗೇ ಉಳಿಯಬಹುದು. ಉಸಿರನ್ನು ಜೋರಾಗಿ ಎಳೆಯಬೇಡಿ, ನಿಧಾನವಾಗಿ ಬಿಡುವುದನ್ನು ಉದ್ದ ಮಾಡಿ.

ಲಿಫ್ಟಿನ ಬಗ್ಗೆಯೂ ಒಂದು ಮಾತು. ಲಿಫ್ಟಿನ ಪೆಟ್ಟಿಗೆಗೆ ಗಾಳಿಯಾಡುವ ಸಂದುಗಳಿರುತ್ತವೆ. ಕರೆಂಟು ಹೋಗಿ ನಿಂತರೂ ಉಸಿರು ಕಟ್ಟುವುದಿಲ್ಲ. ಗಂಟೆಯ ಗುಂಡಿ ಒತ್ತಿ ಕಾಯಬೇಕು, ಬಾಗಿಲನ್ನು ಬಲವಂತವಾಗಿ ತೆರೆಯಬಾರದು.

ಔಷಧಿ ಬೇಕೇ?

ಕೇವಲ ಭೀತಿರೋಗಕ್ಕೆ ದಿನನಿತ್ಯದ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಜೊತೆಗೆ ಖಿನ್ನತೆ ಅಥವಾ ಪ್ಯಾನಿಕ್ ತೊಂದರೆ ಇದ್ದರೆ ವೈದ್ಯರು ಔಷಧಿ ಕೊಡಬಹುದು. ಏಣಿ ಹತ್ತಲು ಸಮಯವಿಲ್ಲ, ಸ್ಕ್ಯಾನ್ ನಾಳೆಯೇ ಆಗಬೇಕು ಎಂದಾದರೆ ಒಂದು ಸಲಕ್ಕೆ ಆತಂಕ ತಗ್ಗಿಸುವ ಮಾತ್ರೆ ಅಥವಾ ಅರಿವಳಿಕೆಯ ನೆರವು ಪಡೆಯಬಹುದು. ಅಂದು ಗಾಡಿ ಓಡಿಸಬಾರದು, ಜೊತೆಗೊಬ್ಬರು ಇರಬೇಕು. ಆಲ್ಪ್ರಾಜೋಲಾಮ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ತಾವೇ ತಂದು ನುಂಗಬೇಡಿ. ಅವು ಚಟವಾಗುತ್ತವೆ, ಭಯದ ಬೇರನ್ನು ಕೀಳುವುದಿಲ್ಲ. ಮದ್ಯ ಕುಡಿದು ಬಸ್ಸು ಹತ್ತುವುದಂತೂ ಒಂದು ರೋಗಕ್ಕೆ ಇನ್ನೊಂದನ್ನು ಗಂಟುಹಾಕಿದಂತೆ.

ಬಂಧುಗಳಿಗೆ ಕಿವಿಮಾತು

• ನಗಬೇಡಿ, "ಸಣ್ಣ ಮಕ್ಕಳೇ ಹೋಗ್ತಾರೆ" ಎಂದು ಹಂಗಿಸಬೇಡಿ.
• ಎಳೆದುಕೊಂಡು ಹೋಗಿ ಲಿಫ್ಟಿಗೆ ತಳ್ಳಬೇಡಿ. ಭಯ ಗೆಲ್ಲುವುದು ಒಪ್ಪಿ ಹೋದಾಗ ಮಾತ್ರ.
• ಸುಳ್ಳು ಹೇಳಬೇಡಿ. "ಎರಡೇ ನಿಮಿಷ" ಎಂದು ಒಳಗೆ ಕಳುಹಿಸಿದರೆ ಮೂರನೆಯ ನಿಮಿಷಕ್ಕೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.
• ಅವರ ಕೆಲಸವನ್ನೆಲ್ಲ ನೀವೇ ಮಾಡಿ ಭಯಕ್ಕೆ ಆಸರೆಯಾಗಬೇಡಿ. ಮೊದಲ ಮೆಟ್ಟಿಲಿಗೆ ಜೊತೆಗಿರಿ, ಆಮೇಲೆ ಹಿಂದೆ ಸರಿಯಿರಿ.
• ದೆವ್ವ ಬಿಡಿಸುವವರ ಬಳಿ ಹೊಡೆಸಬೇಡಿ. ಹೊಡೆತ ಹೊಸ ಭಯವನ್ನಷ್ಟೇ ತರುತ್ತದೆ.
• ಒಂದು ಮೆಟ್ಟಿಲು ಹತ್ತಿದಾಗ ಮೆಚ್ಚಿ ಎರಡು ಮಾತಾಡಿ.

ಎಲ್ಲಿ ಸಹಾಯ ಸಿಗುತ್ತದೆ?

ಮನೋವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ. ಭಯದ ಜೊತೆಗೆ ಬದುಕೇ ಬೇಡ ಎನಿಸಿದರೆ ಒಂದು ದಿನವೂ ತಡಮಾಡದೆ ಹೇಳಿಕೊಳ್ಳಿ.

ಬಂಧುಗಳೇ, ಭಯ ಇಲ್ಲದವರು ಯಾರೂ ಇಲ್ಲ. ಆದರೆ ಭಯದ ದೆಸೆಯಿಂದ ಕಾಲು ಕಳೆದುಕೊಳ್ಳಬಾರದು, ಕಾಯಕ ನಿಲ್ಲಬಾರದು, ಮೊಮ್ಮಗಳ ಮದುವೆ ತಪ್ಪಬಾರದು. ಇಂದು ಮನೆಗೆ ಹೋಗುವಾಗ ದಾರಿಯಲ್ಲಿ ಒಂದು ನೋಟ್‌ಬುಕ್ ಕೊಳ್ಳಿ. ಮೊದಲ ಪುಟದಲ್ಲಿ ನೀವು ತಪ್ಪಿಸಿಕೊಳ್ಳುತ್ತಿರುವ ಜಾಗಗಳನ್ನು ಒಂದರ ಕೆಳಗೆ ಒಂದು ಬರೆಯಿರಿ, ಎದುರಿಗೆ ಭಯದ ಅಂಕಿ ಹಾಕಿ. ಎಲ್ಲಕ್ಕಿಂತ ಕಡಿಮೆ ಅಂಕಿ ಯಾವುದೋ ಅಲ್ಲಿಂದಲೇ ನಾಳೆ ಬೆಳಿಗ್ಗೆ ಶುರುಮಾಡಿ. ಮುಂದಿನ ಸಲ ಬರುವಾಗ ಆ ಪುಸ್ತಕವನ್ನು ತಪ್ಪದೆ ತನ್ನಿ.